ಕಾಗದದಲ್ಲಿ ಪಾಸು, ಪರದೆಯ ಮುಂದೆ ನಪಾಸು



ಕೆಲವು ವಾರಗಳ ಹಿಂದೆ, ರಾತ್ರಿ ಹನ್ನೊಂದೂವರೆ ಗಂಟೆಯ ಸುಮಾರಿಗೆ, ಸಂಘದ ಕೋಣೆಯ ಬಾಗಿಲಲ್ಲಿ ಒಬ್ಬ ಹುಡುಗ ಬಂದು ನಿಂತ. ಕುಂದಾಪುರದ ಕಡೆಯವನು. ಹಗಲು ಹೋಟೆಲಿನಲ್ಲಿ ಸಪ್ಲಾಯರ್ ಕೆಲಸ. ರಾತ್ರಿ ಶಾಲೆಯಲ್ಲಿ ಹತ್ತನೆಯದನ್ನು ಮುಗಿಸಿ, ಹೇಗೋ ಹನ್ನೆರಡನೆಯದನ್ನೂ ದಾಟಿದವನು. ಒಂದು ಸರಕಾರಿ ನೌಕರಿಯ ಪರೀಕ್ಷೆಗೆ ಕುಳಿತಿದ್ದ. ನಮ್ಮ ಭಾನುವಾರದ ತರಗತಿಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವಾಗ ಅವನನ್ನು ಮೀರಿಸುವವರು ಇರಲಿಲ್ಲ. ಅವನು ಪಾಸಾದನೆಂದೇ ನಾವೆಲ್ಲ ಲೆಕ್ಕ ಹಾಕಿಕೊಂಡಿದ್ದೆವು. ಆಗಲಿಲ್ಲ.

ಚಹಾ ಕೊಟ್ಟೆವು. ಬಶಿಗೆ ಹೊಯ್ದು ಆರಿಸುತ್ತ ಬಹಳ ಹೊತ್ತು ಸುಮ್ಮನೆ ಕುಳಿತ. ಆಮೇಲೆ, "ಅಣ್ಣ, ಗೊತ್ತಿದ್ದದ್ದೇ ತಪ್ಪಿಹೋಯಿತು" ಎಂದ.

ಕೆದಕಿ ಕೇಳಿದಾಗ ಸಂಗತಿ ಹೊರಬಿತ್ತು. ಕಾಗದದ ಮೇಲೆ ಅವನ ಕ್ರಮವೇನೆಂದರೆ, ಮೊದಲು ಇಡೀ ಪತ್ರಿಕೆಯ ಮೇಲೆ ಕಣ್ಣಾಡಿಸುವುದು, ಸುಲಭದವನ್ನು ಹೆಕ್ಕಿ ಮುಗಿಸುವುದು, ಕಠಿಣವಾದವುಗಳ ಪಕ್ಕದಲ್ಲಿ ಪೆನ್ಸಿಲಿನ ಚುಕ್ಕೆ ಇಟ್ಟು ಕೊನೆಗೆ ತಿರುಗಿ ಬರುವುದು. ಆ ಕ್ರಮವನ್ನು ಕಲಿಸಿದವರು ನಾವೇ. ಪರದೆಯ ಮೇಲೂ ಅವನು ಹಾಗೆಯೇ ಮಾಡಿದ. ಉತ್ತರವನ್ನು ಒತ್ತಿದ, ಪಕ್ಕದಲ್ಲಿರುವ ಸಂಖ್ಯೆಗಳ ಪಟ್ಟಿಯಿಂದ ತನಗೆ ಬೇಕಾದ ಪ್ರಶ್ನೆಗೆ ಹಾರಿದ. ಆದರೆ ಇಂಥ ಪರೀಕ್ಷೆಗಳಲ್ಲಿ ಉತ್ತರ ಆರಿಸಿದ ಮೇಲೆ 'ಸೇವ್ ಎಂಡ್ ನೆಕ್ಸ್ಟ್' ಎಂಬುದನ್ನು ಒತ್ತಿದರೆ ಮಾತ್ರ ಅದು ಜಮೆಯಾಗುವುದು. ಸಂಖ್ಯೆಯನ್ನು ಒತ್ತಿ ಹಾರಿದರೆ ಹಿಂದಿನ ಪ್ರಶ್ನೆಯ ಉತ್ತರ ಉಳಿಯುವುದಿಲ್ಲ. ಸೂಚನೆಯ ಪುಟದಲ್ಲಿ ಇದನ್ನು ಬರೆದಿರುತ್ತದೆ, ನಿಜ. ಎದೆ ಡವಡವ ಎನ್ನುತ್ತಿರುವಾಗ ಆ ಉದ್ದದ ಪುಟವನ್ನು ಓದಿದವರೆಷ್ಟು ಮಂದಿ? ಗಲ್ಲೆಯಲ್ಲಿ ಹಣ ಎಣಿಸಿ ಕೊಟ್ಟು ರಸೀದಿ ಪಡೆಯದೆ ಬಂದ ಹಾಗಾಯಿತು ಅವನ ಪಾಡು. ಅರ್ಧ ಪರೀಕ್ಷೆ ಕಳೆದ ಮೇಲೆ ಪಟ್ಟಿಯಲ್ಲಿ ಹಸಿರು ಬಣ್ಣ ಕಡಿಮೆ, ಕೆಂಪು ಹೆಚ್ಚು ಎಂಬುದು ಅವನ ಕಣ್ಣಿಗೆ ಬಿತ್ತಂತೆ. ಅಲ್ಲಿಂದ ಮುಂದೆ ಕೈ ನಡುಗತೊಡಗಿತು.

ಹಾಗಾದರೆ ಆ ದಿನ ಆ ಯಂತ್ರ ಅಳೆದದ್ದು ಏನನ್ನು? ಅವನ ಗಣಿತವನ್ನೆ? ಅವನ ಸಾಮಾನ್ಯ ಜ್ಞಾನವನ್ನೆ? ಅಥವಾ ಅವನ ಮನೆಯಲ್ಲಿ ಕಂಪ್ಯೂಟರ್ ಇಲ್ಲ ಎಂಬ ಸಂಗತಿಯನ್ನೆ?

ನಾವು ಏಳನೆಯ ತರಗತಿಗೇ ಶಾಲೆಗೆ ಶರಣು ಹೊಡೆದವರು. ಪರೀಕ್ಷೆಗಳ ವಿಷಯದಲ್ಲಿ ದೊಡ್ಡ ಮಾತನಾಡುವ ಅಧಿಕಾರ ನಮಗಿಲ್ಲವೆಂದು ಯಾರಾದರೂ ಅಂದರೆ ಒಪ್ಪಿಕೊಳ್ಳೋಣ. ಆದರೆ ಹೋಟೆಲಿನ ಮಾತು ಆಡಬಹುದಷ್ಟೆ. ನಾವು ಕೆಲಸಕ್ಕಿದ್ದ ಕಡೆ ಒಬ್ಬ ಹಿರಿಯ ಸಪ್ಲಾಯರ್ ಇದ್ದರು. ಎಂಟು ಮೇಜಿನ ಆರ್ಡರನ್ನು ತಲೆಯಲ್ಲಿಟ್ಟುಕೊಂಡು, ಯಾರಿಗೆ ಸಾಂಬಾರ್ ಬೇರೆ, ಯಾರಿಗೆ ಚಟ್ನಿ ಬೇಡ ಎಂಬುದನ್ನು ತಪ್ಪದೆ ಅಡಿಗೆಮನೆಗೆ ಕೂಗಿ ಹೇಳುವವರು. ಒಂದು ದಿನ ಧಣಿಗಳು ಆರ್ಡರ್ ತೆಗೆದುಕೊಳ್ಳುವ ಕೈಯಂತ್ರ ತಂದರು. ಮೇಜಿನ ಸಂಖ್ಯೆ ಒತ್ತಬೇಕು, ತಿಂಡಿಯ ಹೆಸರು ಹುಡುಕಬೇಕು, ಎಷ್ಟು ಪ್ಲೇಟು ಎಂದು ಒತ್ತಬೇಕು, ಕಳಿಸಬೇಕು. ಮೊದಲ ವಾರ ಆ ಹಿರಿಯರ ಮೇಜುಗಳಲ್ಲಿ ಗಲಾಟೆಯೋ ಗಲಾಟೆ. ಇಡ್ಲಿ ಕೇಳಿದವರಿಗೆ ಉದ್ದಿನ ವಡೆ. ಹೊಸದಾಗಿ ಸೇರಿದ್ದ, ಮೊಬೈಲಿನಲ್ಲಿ ಬೆರಳಾಡಿಸಿ ಬೆಳೆದ ಹುಡುಗ ಅವರಿಗಿಂತ ಚುರುಕೆಂದು ಎಲ್ಲರಿಗೂ ಕಂಡಿತು. ಒಂದೇ ವಾರದಲ್ಲಿ ಆ ಹಿರಿಯರಿಗೆ ಸಪ್ಲಾಯ್ ಮಾಡುವುದು ಮರೆತುಹೋಯಿತೆ? ಒಂದು ತಿಂಗಳಾದ ಮೇಲೆ ನೋಡಿದರೆ ಅವರೇ ಮತ್ತೆ ಮುಂದು. ಆ ಮೊದಲ ವಾರವೇ ಬಡ್ತಿಯ ಪರೀಕ್ಷೆಯಾಗಿದ್ದಿದ್ದರೆ ಅವರ ಗತಿ?

ನಮ್ಮ ಮಕ್ಕಳಿಗೆ ಆಗುತ್ತಿರುವುದು ಅದೇ. ಅವರ ಪರೀಕ್ಷೆ ನಡೆಯುವುದೇ ಆ ಮೊದಲ ವಾರದಲ್ಲಿ.

ಇದು ನಮ್ಮ ಊಹೆಯೇನಲ್ಲ. ಭಾನುವಾರ ಗಣಿತ ಹೇಳಿಕೊಡಲು ಬರುವ ಮಾಸ್ತರರು ಪರದೇಶದ ಒಂದು ಸಂಶೋಧನೆಯನ್ನು ಓದಿ ವಿವರಿಸಿದರು. ಅಮೇರಿಕದ ಮೆಸಾಚುಸೆಟ್ಸ್ ರಾಜ್ಯದಲ್ಲಿ 2015 ಮತ್ತು 2016ರಲ್ಲಿ 'ಪಾರ್ಕ್' ಎಂಬ ಒಂದೇ ಪರೀಕ್ಷೆಯನ್ನು ಕೆಲವು ಕಡೆಯ ಶಾಲಾಮಕ್ಕಳು ಕಂಪ್ಯೂಟರಿನಲ್ಲಿಯೂ ಇನ್ನು ಕೆಲವು ಕಡೆಯವರು ಕಾಗದದಲ್ಲಿಯೂ ಬರೆದರು. ಬೆನ್ ಬ್ಯಾಕಸ್ ಮತ್ತು ಜೇಮ್ಸ್ ಕೋವನ್ ಎಂಬ ಇಬ್ಬರು ಆ ಮಕ್ಕಳ ಹಿಂದಿನ ವರ್ಷಗಳ ಅಂಕಗಳನ್ನೂ ತೆಗೆದು ತಾಳೆ ನೋಡಿ, 2019ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸರಿಸಮಾನ ಮಕ್ಕಳಲ್ಲಿ ಮೊದಲ ವರ್ಷ ಕಂಪ್ಯೂಟರಿಗೆ ಕುಳಿತವರು ಹಿಂದೆ ಬಿದ್ದಿದ್ದರು. ಪಾಠದ ಲೆಕ್ಕದಲ್ಲಿ ಹೇಳುವುದಾದರೆ ಗಣಿತದಲ್ಲಿ ಸುಮಾರು 5 ತಿಂಗಳ, ಇಂಗ್ಲಿಷ್ ಭಾಷೆಯಲ್ಲಿ ಸುಮಾರು 11 ತಿಂಗಳ ಕಲಿಕೆ ಕಳೆದುಹೋದಷ್ಟು. ಮಕ್ಕಳೇನೂ ಕಲಿತದ್ದನ್ನು ಮರೆತಿರಲಿಲ್ಲ. ಎರಡನೆಯ ವರ್ಷ ಈ ಅಂತರ ಗಣಿತದಲ್ಲಿ ಮೂರನೆಯ ಒಂದು ಪಾಲಿಗೆ, ಭಾಷೆಯಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ನಮ್ಮ ಹಿರಿಯ ಸಪ್ಲಾಯರ್ ಅವರ ಕಥೆಯೇ ಅಲ್ಲವೆ ಇದು?

ಅದೇ ಸಂಶೋಧನೆಯಲ್ಲಿ ಇನ್ನೊಂದು ಮಾತಿದೆ, ಅದನ್ನು ನಾವು ಎರಡು ಸಲ ಓದಿಸಿಕೊಂಡೆವು. ಭಾಷೆಯ ಪರೀಕ್ಷೆಯಲ್ಲಿ ಹೆಚ್ಚು ಪೆಟ್ಟು ತಿಂದವರು ಯಾರೆಂದರೆ, ಮನೆಮಾತು ಬೇರೆಯಾಗಿದ್ದು ಇಂಗ್ಲಿಷನ್ನು ಇನ್ನೂ ಕಲಿಯುತ್ತಿದ್ದ ಮಕ್ಕಳು, ವಿಶೇಷ ಶಿಕ್ಷಣದ ಮಕ್ಕಳು, ಮೊದಲೇ ಹಿಂದಿದ್ದ ಮಕ್ಕಳು. ಸಿರಿವಂತ ದೇಶದಲ್ಲಿಯೇ ಹೀಗಾದರೆ, ಮನೆಯಲ್ಲಿ ತುಳುವೋ ಕುಂದಗನ್ನಡವೋ ಆಡಿ, ಬೀದಿಯಲ್ಲಿ ಮರಾಠಿ ಹಿಂದಿ ಕಲಿತು, ಶಾಲೆಯಲ್ಲಿ ಇನ್ನೊಂದು ಭಾಷೆಯಲ್ಲಿ ಓದಿದ ನಮ್ಮ ಮಕ್ಕಳ ಮಾತೇನು?

ಯುರೋಪಿನಲ್ಲಿಯೂ ಇದನ್ನು ಕಂಡವರುಂಟು. ಹದಿನೈದು ವರ್ಷದ ಮಕ್ಕಳಿಗಾಗಿ ಹಲವು ದೇಶಗಳಲ್ಲಿ ನಡೆಯುವ 'ಪಿಸಾ' ಪರೀಕ್ಷೆಯನ್ನು 2015ರಲ್ಲಿ ಹೆಚ್ಚಿನ ದೇಶಗಳಲ್ಲಿ ಕಂಪ್ಯೂಟರಿಗೆ ಒಯ್ದರು. ಅದಕ್ಕೆ ಮುಂಚೆ ನಡೆದ ಪೂರ್ವಪ್ರಯೋಗದಲ್ಲಿ ಜರ್ಮನಿ, ಐರ್ಲೆಂಡ್, ಸ್ವೀಡನ್ ದೇಶಗಳ ಮಕ್ಕಳಲ್ಲಿ ಕಂಪ್ಯೂಟರಿಗೆ ಕುಳಿತವರ ಅಂಕ ಕಾಗದದವರಿಗಿಂತ ಕಡಿಮೆ ಬಂದಿತ್ತು. ಆ ಸಂಸ್ಥೆಯವರು ಈ ಅಂತರವನ್ನು ಗಮನಿಸಿ ಲೆಕ್ಕದಲ್ಲಿ ಸರಿಪಡಿಸಲು ಯತ್ನಿಸಿದರು. ಪೂರ್ತಿ ಸರಿಹೋಯಿತೆಂದು ಎಲ್ಲ ಪಂಡಿತರೂ ಒಪ್ಪಿಲ್ಲ. ಆದರೆ ಯತ್ನವನ್ನಾದರೂ ಮಾಡಿದರಲ್ಲ!

ಕಾರಣವೇನಿರಬಹುದು? ಓದುವ ರೀತಿಯಲ್ಲಿಯೇ ಅರ್ಧ ಕಾರಣವಿದೆ. 2000ದಿಂದ 2017ರವರೆಗೆ ನಡೆದ 54 ಅಧ್ಯಯನಗಳನ್ನು ಒಟ್ಟುಗೂಡಿಸಿ, 1 ಲಕ್ಷ 70 ಸಾವಿರಕ್ಕೂ ಹೆಚ್ಚು ಮಂದಿಯ ಓದನ್ನು ಹೋಲಿಸಿ, ಡೆಲ್ಗಾಡೊ ಮತ್ತು ಸಂಗಡಿಗರು 2018ರಲ್ಲಿ ಒಂದು ಲೇಖನ ಬರೆದರು. ಒಂದೇ ಬರಹವನ್ನು ಕಾಗದದಲ್ಲಿ ಓದಿದವರಿಗೆ ಹೆಚ್ಚು ಅರ್ಥವಾಗಿತ್ತು, ಗಡಿಯಾರ ಇಟ್ಟು ಓದಿಸಿದಾಗ ಅಂತರ ಇನ್ನೂ ಹೆಚ್ಚಿತ್ತು. ಹೊಸ ಪೀಳಿಗೆಗೆ ಪರದೆ ರೂಢಿಯಾದಂತೆ ಈ ಅಂತರ ಕರಗಿಹೋಗುವುದೆಂದು ಹಲವರ ನಂಬಿಕೆ. ವರ್ಷಗಳು ಕಳೆದಂತೆ ಅದು ಹೆಚ್ಚಿತೆಂದು ಅವರ ಲೆಕ್ಕ ಹೇಳುತ್ತದೆ. ಮೊಬೈಲ್ ನೋಡುವುದು ಬೇರೆ, ಓದುವುದು ಬೇರೆ. ನಮ್ಮ ಹುಡುಗರು ರಾತ್ರಿ ಒಂದು ಗಂಟೆಯವರೆಗೆ ಮೊಬೈಲಿನಲ್ಲಿ ಮುಳುಗಿರುತ್ತಾರೆ, ಅವರಿಗೆ ಪರದೆ ಹೊಸತಲ್ಲ ಎಂದು ಕೆಲವರು ವಾದಿಸುತ್ತಾರಷ್ಟೆ. ಮೊಬೈಲಿನಲ್ಲಿ ಹೆಬ್ಬೆರಳು ಸಾಕು. ಪರೀಕ್ಷೆಯ ಕೋಣೆಯಲ್ಲಿ ಮೌಸ್ ಹಿಡಿಯಬೇಕು. ನಮ್ಮ ತರಗತಿಗೆ ಬಂದವರಲ್ಲಿ ಮೌಸನ್ನು ಜೀವನದಲ್ಲಿ ಒಮ್ಮೆಯೂ ಮುಟ್ಟದವರು ಇದ್ದಾರೆ.

ಕಾಗದದಲ್ಲಿ ಗೀಟು ಹಾಕಬಹುದು. ರೇಖಾಚಿತ್ರದ ಮೇಲೆಯೇ ಕೋನದ ಅಳತೆ ಬರೆಯಬಹುದು. ಪರದೆಯಲ್ಲಾದರೆ ಚಿತ್ರವನ್ನು ಮೊದಲು ಒರಟು ಹಾಳೆಗೆ ಇಳಿಸಿಕೊಳ್ಳಬೇಕು, ತಲೆ ಮೇಲೆ ಕೆಳಗೆ ಆಡುತ್ತಿರಬೇಕು, ಅಷ್ಟರಲ್ಲಿ ಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಎಣಿಸುತ್ತಿರುತ್ತದೆ. ರೈಲ್ವೆಯ ಎನ್‌ಟಿಪಿಸಿ ನೇಮಕಾತಿಯ ಮೊದಲ ಹಂತದಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ, ತಪ್ಪಿದರೆ ಮೂರನೆಯ ಒಂದು ಅಂಕ ಕಡಿತ. ಒಂದೊಂದು ಪ್ರಶ್ನೆಗೆ ಒಂದು ನಿಮಿಷವೂ ಇಲ್ಲದ ಲೆಕ್ಕದಲ್ಲಿ, ಪ್ರತಿಯೊಂದರ ಮೇಲೂ ಐದಾರು ಸೆಕೆಂಡು ಮೌಸ್ ಹುಡುಕುವುದಕ್ಕೆ ಹೋದರೆ ಎಷ್ಟು ಪ್ರಶ್ನೆ ಮುಟ್ಟದೆ ಉಳಿದಾವೆಂದು ನೀವೇ ಗುಣಿಸಿ ನೋಡಿ. ಬ್ಯಾಂಕ್ ಅಧಿಕಾರಿಗಳ ಪರೀಕ್ಷೆಯಲ್ಲಿ ಇಂಗ್ಲಿಷ್ ಬರವಣಿಗೆಯನ್ನು ಸಹ ಟೈಪ್ ಮಾಡಿಯೇ ಕೊಡಬೇಕಾಗುತ್ತದೆ. ಅಲ್ಲಿ ವಿಚಾರ ಮುಂದೆ ಓಡಿದರೂ ಬೆರಳು ಹಿಂದೆಯೇ.

ನಮ್ಮ ದೇಶದಲ್ಲಿ ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ಐ.ಐ.ಎಂ.ಗಳ 'ಕ್ಯಾಟ್' ಪರೀಕ್ಷೆ 2009ರ ನವೆಂಬರಿನಲ್ಲಿ ಕಂಪ್ಯೂಟರಿಗೆ ಹೋದಾಗ ಮೊದಲ ದಿನಗಳಲ್ಲಿಯೇ ಹಲವು ಕೇಂದ್ರಗಳ ಯಂತ್ರಗಳು ಕೈಕೊಟ್ಟು ದೊಡ್ಡ ಗದ್ದಲವಾಗಿತ್ತು. ಇಂಜಿನಿಯರಿಂಗಿನ ಜೆ.ಇ.ಇ. ಮೇನ್ ಪರೀಕ್ಷೆಗೆ 2018ರವರೆಗೆ ಎರಡೂ ದಾರಿಗಳಿದ್ದವು. ಆ ವರ್ಷ ಒಬ್ಬ ಸಾಮಾನ್ಯ ವರ್ಗದ ಹುಡುಗನಿಗೆ ಕಾಗದದಲ್ಲಿ ಬರೆಯಲು ಶುಲ್ಕ 1000 ರೂಪಾಯಿ, ಕಂಪ್ಯೂಟರಿನಲ್ಲಾದರೆ 500. ಅರ್ಧ ಬೆಲೆಗೆ ಮಾಲು ಕೊಟ್ಟರೂ ಬಹುಪಾಲು ಮಂದಿ ದುಬಾರಿಯ ಕಾಗದವನ್ನೇ ಆರಿಸಿಕೊಂಡರು. ನಮ್ಮ ಜನ ಐದು ರೂಪಾಯಿಗೆ ಚೌಕಾಸಿ ಮಾಡುವವರು. ಅಂಥವರು 500 ರೂಪಾಯಿ ಹೆಚ್ಚು ಕೊಟ್ಟರೆಂದರೆ ಅದು ಒಂದು ಬಗೆಯ ಮತದಾನವೇ ಸರಿ. ಆ ಮತವನ್ನು ಯಾರೂ ಎಣಿಸಲಿಲ್ಲ. 2019ರ ಜನವರಿಯಿಂದ ಕಾಗದದ ದಾರಿ ಮುಚ್ಚಿತು. ಅದೇ 2019ರಲ್ಲಿ ನಮ್ಮ ಮಹಾರಾಷ್ಟ್ರದ ಎಂ.ಎಚ್.ಟಿ.-ಸಿ.ಇ.ಟಿ. ಸಹ ಕಂಪ್ಯೂಟರಿಗೆ ಹೋಯಿತು. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ 2022ರಲ್ಲಿ ಬಂದ ಕ್ಯುಯೆಟ್ ಹುಟ್ಟಿದ್ದೇ ಕಂಪ್ಯೂಟರಿನಲ್ಲಿ.

ಇಷ್ಟೆಲ್ಲ ಹೇಳಿದ ಮೇಲೆ, 'ಹಾಗಾದರೆ ಕಂಪ್ಯೂಟರ್ ಬೇಡವೆನ್ನುತ್ತೀರಾ?' ಎಂದು ಕೇಳುವವರುಂಟು. ಹಾಗಲ್ಲ. ಕಾಗದವೇನು ದೇವರಲ್ಲ. ಓ.ಎಂ.ಆರ್. ಹಾಳೆಯಲ್ಲಿ ಬಾಲ್‌ಪೆನ್ನಿನಿಂದ ಒಂದು ವೃತ್ತ ತುಂಬಿದರೆ ಮುಗಿಯಿತು, ಮನಸ್ಸು ಬದಲಾದರೂ ಅಳಿಸುವಂತಿಲ್ಲ. ಒಂದು ಸಾಲು ತಪ್ಪಿದರೆ ಕೆಳಗಿನವೆಲ್ಲ ತಪ್ಪು. ಕಂಪ್ಯೂಟರಿನಲ್ಲಿ ಕೊನೆಯ ನಿಮಿಷದವರೆಗೂ ಉತ್ತರ ತಿದ್ದಬಹುದು. ಕಾಗದ ಮುದ್ರಣಾಲಯದಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಲಾರಿಗೆ, ಲಾರಿಯಿಂದ ಕೇಂದ್ರಕ್ಕೆ ಹೋಗುವಷ್ಟರಲ್ಲಿ ಎಷ್ಟು ಕೈಗಳು! 2024ರ ಮೇ 5ರಂದು ನಡೆದ ನೀಟ್ ಪರೀಕ್ಷೆಗೆ 23 ಲಕ್ಷಕ್ಕೂ ಹೆಚ್ಚು ಮಕ್ಕಳು ಕುಳಿತಿದ್ದರು. ಅದರ ಪ್ರಶ್ನೆಪತ್ರಿಕೆ ಸೋರಿದ ರಗಳೆ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ನಿಮಗೆ ನೆನಪಿರಬಹುದು. ಇಸ್ರೋದ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಅವರ ನೇತೃತ್ವದಲ್ಲಿ ಸಮಿತಿ ನೇಮಕವಾಯಿತು. ನೀಟನ್ನೂ ಕಂಪ್ಯೂಟರಿಗೆ ಒಯ್ಯಬೇಕೆಂಬ ಮಾತು ಜೋರಾಯಿತು. ಆದರೂ 2025ರಲ್ಲಿ ಅದು ಕಾಗದದ ಮೇಲೆಯೇ ನಡೆಯಿತು. ಕಳ್ಳತನ ತಪ್ಪಿಸಲು ಬೀಗ ಬದಲಿಸುವುದು ಸರಿಯೇ. ಆದರೆ ಹೊಸ ಬೀಗದ ಕೀಲಿಯನ್ನು ಮನೆಯವರಿಗೆ ಕೊಡಬೇಕಷ್ಟೆ!

ಕೀಲಿ ಯಾರ ಕೈಯಲ್ಲಿದೆ? ಕೇಂದ್ರ ಸರಕಾರದ್ದೇ 2023-24ರ ಲೆಕ್ಕದಂತೆ, ದೇಶದ ಶಾಲೆಗಳಲ್ಲಿ ನಡೆಯುವ ಸ್ಥಿತಿಯ ಕಂಪ್ಯೂಟರ್ ಇದ್ದವು ನೂರಕ್ಕೆ 57. ಉಳಿದ 43 ಶಾಲೆಗಳ ಮಕ್ಕಳು ಪರೀಕ್ಷೆಯ ದಿನವೇ ಆ ಯಂತ್ರದ ಮುಖ ನೋಡಬೇಕೆ? ಅಣಕು ಪರೀಕ್ಷೆಗಳನ್ನು ಉಚಿತವಾಗಿ ಜಾಲತಾಣದಲ್ಲಿ ಹಾಕಿದ್ದೇವೆ, 2020ರಲ್ಲಿ 'ಅಭ್ಯಾಸ್' ಎಂಬ ಆಪ್ ಬಿಟ್ಟಿದ್ದೇವೆ ಎಂದು ಪರೀಕ್ಷಾ ಸಂಸ್ಥೆಯವರು ಹೇಳುವರು. ಸಂತೋಷ. ಮೊಬೈಲಿನಲ್ಲಿ ಅಭ್ಯಾಸ ಮಾಡಿ ಕಂಪ್ಯೂಟರಿನಲ್ಲಿ ಬರೆಯುವುದೆಂದರೆ ಸೈಕಲ್ ಕಲಿತು ಟೆಂಪೊ ಓಡಿಸಲು ಹೋದಂತೆ.

ಮುಂಬಯಿಯ ಕನ್ನಡಿಗರ ಮಕ್ಕಳಿಗೆ ಇನ್ನೊಂದು ತೊಡಕಿದೆ, ಊರಿನ ಮಕ್ಕಳಿಗೆ ಅದಿಲ್ಲ. ಇಲ್ಲಿಯ ಸಿ.ಇ.ಟಿ. ಕಂಪ್ಯೂಟರಿನಲ್ಲಿ. ಹೊರನಾಡ ಕನ್ನಡಿಗರೆಂಬ ಆಧಾರದಲ್ಲಿ ಕರ್ನಾಟಕದ ಸಿ.ಇ.ಟಿ. ಬರೆಯಲು ಹೋದರೆ, 2025ರಲ್ಲಿಯೂ ಅಲ್ಲಿ ಓ.ಎಂ.ಆರ್. ಹಾಳೆಯೇ. ಜತೆಗೆ ಕನ್ನಡ ಭಾಷಾ ಪರೀಕ್ಷೆ ಬೇರೆ. ಕೆಲವೇ ವಾರಗಳ ಅಂತರದಲ್ಲಿ ಒಂದೇ ಮಗು ಎರಡು ಬಗೆಯ ಯುದ್ಧಕ್ಕೆ ಎರಡು ಬಗೆಯ ಆಯುಧ ಹಿಡಿಯಬೇಕು. ಎರಡರ ಅಂಕಗಳನ್ನೂ ಮುಂದಿಟ್ಟುಕೊಂಡು 'ಊರಲ್ಲಿ ಅಷ್ಟು ಬಂತು, ಇಲ್ಲಿ ಯಾಕೆ ಇಷ್ಟು?' ಎಂದು ಮಕ್ಕಳನ್ನು ಗದರಿಸುವ ತಂದೆತಾಯಂದಿರನ್ನು ನಾವು ಕಂಡಿದ್ದೇವೆ. ಪಾಠ್ಯಕ್ರಮವೂ ಬೇರೆ, ಬರೆಯುವ ರೀತಿಯೂ ಬೇರೆ. ಅವೆರಡನ್ನು ಹೋಲಿಸುವುದು ಸಮಂಜಸವಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಂಪ್ಯೂಟರ್ ಪರೀಕ್ಷೆ ಹಲವು ದಿನ, ಹಲವು ಪಾಳಿಗಳಲ್ಲಿ ನಡೆಯುವುದರಿಂದ ಎಲ್ಲರಿಗೂ ಒಂದೇ ಪತ್ರಿಕೆ ಇರುವುದಿಲ್ಲ. ಒಂದು ಪಾಳಿ ಕಠಿಣ, ಇನ್ನೊಂದು ಸುಲಭ. ಅದನ್ನು ಸರಿತೂಗಿಸಲು ಜೆ.ಇ.ಇ.ಯಲ್ಲಿಯೂ ಇಲ್ಲಿಯ ಸಿ.ಇ.ಟಿ.ಯಲ್ಲಿಯೂ 'ಪರ್ಸೆಂಟೈಲ್' ಕೊಡುತ್ತಾರೆ. ತನ್ನ ಪಾಳಿಯಲ್ಲಿ ಬರೆದ ನೂರು ಮಂದಿಯಲ್ಲಿ ಎಷ್ಟು ಮಂದಿ ತನ್ನ ಸಮಕ್ಕೆ ಅಥವಾ ತನ್ನಿಂದ ಕೆಳಗಿದ್ದಾರೆ ಎಂಬ ಲೆಕ್ಕ ಅದು. ನೂರಕ್ಕೆ ಬಂದ ಅಂಕವಲ್ಲ. ಕಳೆದ ಸಾಲಿನಲ್ಲಿ ನಮ್ಮ ಸದಸ್ಯರೊಬ್ಬರು ಮಗನಿಗೆ 81 ಬಂತೆಂದು ಇಡೀ ಕೋಣೆಗೆ ಪೇಡೆ ಹಂಚಿದರು. ಪೇಡೆ ತಿಂದು ಕೈ ಒರೆಸಿಕೊಂಡ ಮೇಲೆ, ಅವನಿಗಿಂತ ಮೇಲೆ ನೂರಕ್ಕೆ 19 ಮಂದಿ, ಅಂದರೆ ಲಕ್ಷಕ್ಕೆ 19 ಸಾವಿರ ಮಂದಿ ಇದ್ದಾರೆಂದು ಅವರಿಗೆ ತಿಳಿಸುವ ಧೈರ್ಯ ನಮಗೆ ಬರಲಿಲ್ಲ. ಪ್ರವೇಶದ ಪಟ್ಟಿ ಬಂದಾಗ ತಾನಾಗಿಯೇ ತಿಳಿಯಿತು.

ಕನ್ನಡದ ವಿಷಯ. ಜೆ.ಇ.ಇ. ಮೇನ್ 2021ರಿಂದ ಕನ್ನಡ ಸೇರಿ 13 ಭಾಷೆಗಳಲ್ಲಿದೆ. ಕ್ಯುಯೆಟ್ಟಿನಲ್ಲಿಯೂ ಕನ್ನಡವಿದೆ. ಇದು ಸಂತೋಷದ ಸಂಗತಿ. ಆದರೆ ಅರ್ಜಿ ತುಂಬುವಾಗಲೇ ಭಾಷೆಯನ್ನು ಆರಿಸಬೇಕು, ಆಮೇಲೆ ಕೇಳಿದರೆ ಸಿಗುವುದಿಲ್ಲ. ಅರ್ಜಿಯನ್ನು ಸೈಬರ್ ಕೆಫೆಯವನ ಕೈಗೆ ಬಿಟ್ಟು ಬರುವ ನಮ್ಮ ಹುಡುಗರು ಇದನ್ನು ಗಮನಿಸಬೇಕು. ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪಾಠವೇ ಪ್ರಮಾಣವೆಂಬುದನ್ನೂ ಮರೆಯಬಾರದು.

ನಾವು ಕೇಳುವುದು ಹೆಚ್ಚೇನಿಲ್ಲ. ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡುವವರು, ಮಹಾನಗರಪಾಲಿಕೆಯ ಶಾಲೆಗಳಲ್ಲಿರುವ ಕಂಪ್ಯೂಟರ್ ಕೋಣೆಗಳನ್ನು ಭಾನುವಾರ ಮತ್ತು ರಾತ್ರಿ ತೆರೆಸಿ, ಅರ್ಜಿ ಹಾಕಿದ ಪ್ರತಿಯೊಬ್ಬನಿಗೂ ನಿಜವಾದ ಮೌಸ್, ನಿಜವಾದ ಪರದೆಯ ಮುಂದೆ ಎರಡು ಸಲವಾದರೂ ಕುಳ್ಳಿರಿಸಲಿ. ರಾತ್ರಿ ಎಂದು ಒತ್ತಿ ಹೇಳುತ್ತೇವೆ, ಏಕೆಂದರೆ ಹಗಲು ನಮ್ಮವರಿಗೆ ಬಿಡುವಿಲ್ಲ. ಪರೀಕ್ಷೆಯನ್ನು ಕಾಗದದಿಂದ ಕಂಪ್ಯೂಟರಿಗೆ ಒಯ್ಯುವ ಮುಂಚೆ, ಸಮಾನ ಮಕ್ಕಳನ್ನು ಎರಡು ಗುಂಪು ಮಾಡಿ ಎರಡೂ ರೀತಿಯಲ್ಲಿ ಬರೆಯಿಸಿ, ಅಂತರವೆಷ್ಟು, ಪೆಟ್ಟು ಬಿದ್ದದ್ದು ಯಾರಿಗೆ ಎಂಬುದನ್ನು ಎಲ್ಲರೂ ಓದುವಂತೆ ಪ್ರಕಟಿಸಲಿ. ಮೆಸಾಚುಸೆಟ್ಸಿನವರಿಗೆ ಸಾಧ್ಯವಾದದ್ದು ಇಷ್ಟು ಕಂಪ್ಯೂಟರ್ ಇಂಜಿನಿಯರುಗಳನ್ನು ಹೆತ್ತ ದೇಶಕ್ಕೆ ಸಾಧ್ಯವಾಗದೆ ಇರಲಾರದು. ಮತ್ತೆ ಆ 'ಸೇವ್' ಗುಂಡಿಯ ವಿಚಾರ: ಉತ್ತರ ಜಮೆಯಾಗಿಲ್ಲವೆಂದು ಪರದೆಯ ಮೇಲೆ ಒಂದು ಎಚ್ಚರಿಕೆ ಬರುವಂತೆ ಮಾಡಲು ಎಷ್ಟು ಖರ್ಚಾದೀತು? ಹೋಟೆಲಿನ ಆರ್ಡರ್ ಯಂತ್ರ ಸಹ, ಕಳಿಸದೆ ಬಿಟ್ಟರೆ 'ಕಳಿಸಬೇಕೆ?' ಎಂದು ಕೇಳುತ್ತದೆ.

ಅವರು ಮಾಡುವವರೆಗೆ ನಾವು ಕೈಕಟ್ಟಿ ಕುಳಿತಿಲ್ಲ. ಒಂದು ಕಚೇರಿಯವರು ಗುಜರಿಗೆ ಹಾಕಲಿದ್ದ ನಾಲ್ಕು ಕಂಪ್ಯೂಟರುಗಳು ಸಂಘದ ಕೋಣೆಗೆ ಬಂದಿವೆ. ಒಂದಕ್ಕೆ ಬೆನ್ನು ತಟ್ಟಿದರೆ ಮಾತ್ರ ಜೀವ ಬರುತ್ತದೆ, ಇರಲಿ. ಭಾನುವಾರ ಮಧ್ಯಾಹ್ನ ಮೂರರಿಂದ ಆರರವರೆಗೆ, ಹೋಟೆಲಿನ ಊಟದ ಗಲಾಟೆ ಮುಗಿದು ಸಂಜೆಯ ಚಹಾ ಏರುವ ಮುಂಚಿನ ಹೊತ್ತು, ಅಭ್ಯಾಸ ನಡೆಯುತ್ತಿದೆ. ಅರ್ಧ ಹುಡುಗರಿಗೆ ಮೊದಲು ಕಾಗದ, ಅರ್ಧ ಹುಡುಗರಿಗೆ ಮೊದಲು ಕಂಪ್ಯೂಟರ್, ಆಮೇಲೆ ಅದಲುಬದಲು. ಯಾರಿಗೆ ಎಲ್ಲಿ ಅಂಕ ಸೋರುತ್ತದೆಂದು ಮಾಸ್ತರರು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ. ಅಂದು ರಾತ್ರಿ ಬಂದಿದ್ದ ಕುಂದಾಪುರದ ಹುಡುಗನೇ ಈಗ ಹೊಸಬರ ಹಿಂದೆ ನಿಂತು, ಪ್ರತಿ ಉತ್ತರಕ್ಕೂ "ಸೇವ್ ಮಾಡಿದೆಯಾ ಮಾಣಿ?" ಎಂದು ಕೇಳುತ್ತಾನೆ. ಮುಂದಿನ ಅರ್ಜಿಯನ್ನು ಅವನೂ ಹಾಕಿದ್ದಾನೆ.

ಮಕ್ಕಳನ್ನು ಕಳಿಸಿ. ಫೀ ಇಲ್ಲ. ನಾಲ್ಕರಲ್ಲಿ ಎರಡಕ್ಕೆ ಮೌಸ್ ಇಲ್ಲದೆ ಹುಡುಗರು ಸರದಿಗೆ ಕಾಯುತ್ತಿದ್ದಾರೆ. ಯಾರ ಮನೆಯಲ್ಲಾದರೂ ಬಳಸದೆ ಬಿದ್ದಿದ್ದರೆ, ಭಾನುವಾರ ಬರುವಾಗ ಕಿಸೆಯಲ್ಲಿ ಹಾಕಿಕೊಂಡು ಬನ್ನಿ.